37 ಪರೀಕ್ಷೆ ಉಳಿದಿರುವಾಗಲೇ ಸತ್ತ ಸೆನ್ಸರ್: ಫೀನೋ ಮೆಷಿನ್ ಜೊತೆ ಒಂದು ವರ್ಷ

ಉಬ್ಬಸದವರ ಶ್ವಾಸನಾಳದ ಉರಿಯೂತವನ್ನು ಉಸಿರಿನಲ್ಲೇ ಅಳೆಯುವ ಫೀನೋ ಮೆಷಿನ್ ನನ್ನ ಮನೆಯಲ್ಲಿದೆ. ಇವತ್ತು ಬೆಳಿಗ್ಗೆ ಅದನ್ನು ಆನ್ ಮಾಡಿದರೆ ಪರದೆಯಲ್ಲಿ ಕೆಂಪು ಅಕ್ಷರ: ಸೆನ್ಸರ್ ಅವಧಿ ಮುಗಿದಿದೆ. ಅದರ ಕೆಳಗೇ, ಉಳಿದ ಪರೀಕ್ಷೆಗಳು 37. ಸ್ಕೂಟರ್ ಬದಲಿಸಲು ಕೂಡಿಟ್ಟ ದುಡ್ಡಲ್ಲಿ ಕೊಂಡದ್ದು ಇದು. ಮಾರುವವರು "100 ಸಲ ಊದಬಹುದು ಮೇಡಂ" ಅಂದಿದ್ದರು. ಇಂಥ ತಿಂಗಳೊಳಗೆ ಊದಿ ಮುಗಿಸಬೇಕು ಅನ್ನುವುದು ಡಬ್ಬದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಜೋಪಾನ ಮಾಡಿ ಹೆಚ್ಚುಕಮ್ಮಿ ವಾರಕ್ಕೊಂದೇ ಸಲ ಊದಿದ ನನ್ನಂಥವಳಿಗೇ ನಷ್ಟ!

ಉಬ್ಬಸದವರಿಗೆ ಫೀನೋ ಪರೀಕ್ಷೆ ಹೊಸದೇನಲ್ಲ. ಕಾರಿನ ಹೊಗೆಯಲ್ಲಿ ಇರುತ್ತದಲ್ಲ, ಆ ನೈಟ್ರಿಕ್ ಆಕ್ಸೈಡೇ ನಮ್ಮ ಉಸಿರಿನಲ್ಲೂ ಚೂರು ಇರುತ್ತದೆ ಅಂತ ಗೊತ್ತಾದದ್ದು 1991ರಲ್ಲಿ. ಅಲರ್ಜಿಯಿಂದ ಶ್ವಾಸನಾಳದ ಒಳಗೋಡೆ ಊದಿಕೊಂಡರೆ ಅದು ಜಾಸ್ತಿಯಾಗುತ್ತದೆ. ಫೀನೋ ಅಳೆಯುವುದು ಅದನ್ನೇ, ಉಸಿರಿನ ನೂರು ಕೋಟಿ ಪಾಲಿನಲ್ಲಿ ಅದು ಎಷ್ಟು ಪಾಲು ಅನ್ನುವ ಲೆಕ್ಕದಲ್ಲಿ. ದೊಡ್ಡವರಿಗೆ 25ರ ಒಳಗಿದ್ದರೆ ನಿರಾಳ, 50 ದಾಟಿದರೆ ಒಳಗೆ ಉರಿಯೂತ ಇರುವ ಸಂಭವ ಹೆಚ್ಚು.

ಭಾನುವಾರ ಬೆಳಿಗ್ಗೆ ಆರಕ್ಕೆ ನನ್ನ ಪೂಜೆ ಇದು. ಕಾಫಿ ಇಲ್ಲ, ತಿಂಡಿ ಇಲ್ಲ. ಅಡುಗೆಮನೆ ಪಕ್ಕದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಇರುವ ಉಸಿರೆಲ್ಲ ಹೊರಗೆ ಬಿಟ್ಟು, ಮೌತ್‌ಪೀಸಿಗೆ ತುಟಿ ಬಿಗಿದು ಎದೆ ತುಂಬ ಎಳೆದುಕೊಳ್ಳಬೇಕು. ಆಮೇಲೆ 10 ಸೆಕೆಂಡು ಒಂದೇ ಸಮ ಊದಬೇಕು. ಪರದೆಯಲ್ಲಿ ಒಂದು ಮೋಡ, ಎರಡು ಗೆರೆ. ಒಲೆ ಊದುವ ಹಾಗೆ ಊದಿದರೆ ಮೋಡ ಮೇಲಿನ ಗೆರೆ ದಾಟಿ ಹಾರುತ್ತದೆ, ಸಡಿಲ ಬಿಟ್ಟರೆ ಧೊಪ್ಪನೆ ಬೀಳುತ್ತದೆ. ಉಕ್ಕುವ ಹಾಲು ಕಾಯುವ ಗಮನ ಬೇಕು. ಅಂಕಿ ಬರಲು ಇನ್ನೊಂದು ನಿಮಿಷ. ಅಷ್ಟರಲ್ಲಿ ಒಳಗಿಂದ ಅತ್ತೆ: "ಊದಿ ಆಯ್ತೇನಮ್ಮಾ? ಡಿಕಾಕ್ಷನ್ ಆರ್ತಾ ಇದೆ."

ಅತ್ತೆಗೂ ಒಂದು ಸಲ ಊದುವ ಆಸೆ. ತಮ್ಮ ಮಂಡಿ ಊತವೂ ಇದರಲ್ಲಿ ಕಾಣುತ್ತದೆ ಅಂದುಕೊಂಡಿದ್ದರು. ಅದೇನೂ ಕಾಣುವುದಿಲ್ಲ, ಇದಕ್ಕೆ ಗೊತ್ತಿರುವುದು ಶ್ವಾಸನಾಳದ ಸುದ್ದಿ ಮಾತ್ರ, ಅದರಲ್ಲೂ ಅಲರ್ಜಿ ಥರದ ಉರಿಯೂತದ್ದು. ಮೈಯ ಉರಿಯೂತವನ್ನೆಲ್ಲ ಉಸಿರಲ್ಲೇ ಹಿಡಿಯುತ್ತೇವೆ ಅಂತ ಯಾರಾದರೂ ಮಾರಲು ಬಂದರೆ ಬಾಗಿಲು ಹಾಕಿಕೊಳ್ಳಿ.

ಇನ್ನೊಂದು ಸಲ ಮಧ್ಯಾಹ್ನ ಊಟವಾಗಿ ಎರಡು ಗಂಟೆಯ ಮೇಲೆ ಊದಿದೆ. ಬೆಳಿಗ್ಗೆ 28 ಇದ್ದದ್ದು 46! ಗಾಬರಿಯಾಗಿ ಡಾಕ್ಟರಿಗೆ ಮೆಸೇಜು ಹಾಕಿದರೆ ಒಂದೇ ಸಾಲಿನ ಉತ್ತರ: "ಏನು ತಿಂದ್ರಿ?" ಬೀಟ್‌ರೂಟ್ ಪಲ್ಯ, ಪಾಲಕ್ ಸಾರು. ಎರಡರಲ್ಲೂ ನೈಟ್ರೇಟ್ ಜಾಸ್ತಿ, ಅಂಕಿ ಏರಿಸುತ್ತವೆ. ಬರೀ ಹೊಟ್ಟೆಯ ನೇಮ ಅಂದಿನಿಂದ ಶುರು.

ಇಷ್ಟೆಲ್ಲ ಬೈದ ಮೇಲೂ ಒಂದು ಒಪ್ಪಿಕೊಳ್ಳಬೇಕು. ಕಳೆದ ನವೆಂಬರಿನಲ್ಲಿ ಎದೆ ಹಗುರಾಗಿತ್ತು, ರಾತ್ರಿ ಕೆಮ್ಮಿರಲಿಲ್ಲ. ದಿನಾ ಎಳೆಯಬೇಕಾದ ಸ್ಟಿರಾಯ್ಡ್ ಪಂಪನ್ನು, ಅಂದರೆ ಇನ್ಹೇಲರನ್ನು, ಯಾರಿಗೂ ಹೇಳದೆ ಬಿಟ್ಟುಬಿಟ್ಟೆ. ಊದುವ ರಭಸ ಅಳೆಯುವ ಪೀಕ್ ಫ್ಲೋ ಮೀಟರಿನಲ್ಲಿ ಎಲ್ಲ ಸರಿಯಾಗೇ ಇತ್ತು. ಫೀನೋದಲ್ಲಿ ಮಾತ್ರ ಒಂದು ವಾರ 26, ಮರುವಾರ 39, ಮೂರನೇ ವಾರ 63. ಆ ಬೆಳಿಗ್ಗೆಯೂ ನನಗೆ ಉಬ್ಬಸ ಇರಲಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರೂ ಇರಲಿಲ್ಲ. ಅಂಕಿ ಬರೆದಿಟ್ಟ ಪುಸ್ತಕ ತೋರಿಸಿದ ಕೂಡಲೇ ಡಾಕ್ಟರು, "ಪಂಪ್ ಬಿಟ್ರಿ ಅಲ್ವಾ?" ಅಂದರು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮತ್ತೆ ಶುರು ಮಾಡಿ ಎರಡು ವಾರಕ್ಕೆ 30ಕ್ಕೆ ಇಳಿಯಿತು. ಹಿಂದಿನ ವರ್ಷ ಇದೇ ಚಾಳಿಗೆ ನಡುರಾತ್ರಿ ಆಟೋದಲ್ಲಿ ಎಮರ್ಜೆನ್ಸಿಗೆ ಹೋಗಿದ್ದೆ.

ಪಂಪ್ ತಪ್ಪದೆ ತಗೊಳ್ಳುವವರು ಆಸ್ಪತ್ರೆಯಲ್ಲೇ ಆಗೊಮ್ಮೆ ಈಗೊಮ್ಮೆ ಊದಿದರೆ ಸಾಕು, ಇಷ್ಟು ದುಡ್ಡು ಸುರಿಯಬೇಡಿ. ನನ್ನಂಥ ಕಳ್ಳಿಗೆ ಮನೆಯಲ್ಲೇ ಪೊಲೀಸು ಬೇಕು.

ಹೊಸ ಸೆನ್ಸರಿಗೆ ಹೇಳಿದ್ದೇನೆ. ಈ ಸಲ ದುಡ್ಡು ಕಳಿಸುವ ಮುಂಚೆ ಫೋನಿನಲ್ಲೇ ಡಬ್ಬದ ತಳ ಓದಿಸಿದೆ. ಗುರುವಾರ ಬರುತ್ತದಂತೆ. ಅಲ್ಲಿತನಕ ಕಾಫಿ ಬಿಸಿಬಿಸಿಯಾಗಿ ಸಿಗುತ್ತಿದೆ.