ಮೊಲದ ಯೂನಿಟ್ ಮಾರಾಕ ಬರೋರಿಗೆ ಮುಂಗಡ ಕೊಡಬ್ಯಾಡ್ರಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯೋರು ದಯವಿಟ್ಟು ಪೂರ್ತಿ ಓದ್ರಿ. ಹಿತ್ತಲದಾಗ ಮೊಲ ಸಾಕ್ರಿ, ಮರಿ ನಾವ ವಾಪಸ್ ತಗೊಂತೀವಿ, ಅಗ್ರಿಮೆಂಟ್ ಬರ್ಕೊಡ್ತೀವಿ ಅಂತ ಮಂದಿ ಅಡ್ಡಾಡಾಕತ್ತ್ಯಾರ. ನಮ್ಮ ಮನಿಗೂ ಬಂದಿದ್ರು. ಏಳು ಹೆಣ್ಣು ಮೂರು ಗಂಡು ಒಂದು ಯೂನಿಟ್, ಪಂಜರ ಸಮೇತ, ದುಡ್ಡು ಪೂರಾ ಮುಂಗಡ. ನಮ್ಮ ಬಿಸಿಲಿಗೆ ತಡೀತಾವೇನ್ರಿ ಅಂತ ಅಪ್ಪ ಎರಡೆರಡು ಸಲ ಕೇಳಿದ್ರು, ಮ್ಯಾಲೆ ತಗಡು ಹಾಕ್ರಿ ಸಾಕು, ಏನೂ ಆಗಂಗಿಲ್ಲ ಅಂದ್ರು. ನಂಬಿ ತಗೊಂಡ್ವಿ.

ಮೊಲ ಬೆವರಂಗಿಲ್ಲ. ಮೈಕಾವು ಹೊರಗ ಹೋಗೋದು ಹೆಚ್ಚಾಗಿ ಕಿವಿಯಿಂದ, ಉಸಿರಿನಿಂದ. 15ರಿಂದ 25 ಡಿಗ್ರಿ ಅಂದ್ರ ಆರಾಮ ಇರ್ತಾವ, 30 ದಾಟಿದ್ರ ತ್ರಾಸು ಶುರು, 35 ದಾಟಿದ್ರ ಜೀವಕ್ಕ ಬರ್ತೈತಿ. ನಮ್ಮಲ್ಲಿ ಮೇ ತಿಂಗಳದಾಗ 40 ಅಂದ್ರ ಸುದ್ದಿನೇ ಅಲ್ಲ, ತಗಡಿನ ಕೆಳಗಂತೂ ಕೇಳಬ್ಯಾಡ್ರಿ. ಒಂದು ಮಧ್ಯಾಹ್ನ ಹೋಗಿ ನೋಡಿದ್ರ ಕಾಲು ಚಾಚಿ ಅಡ್ಡ ಬಿದ್ದಿದ್ವು, ಕಿವಿ ನರ ಕೆಂಪಗ ಉಬ್ಬಿದ್ವು, ಮುಟ್ಟಿದ್ರ ಸುಡ್ತಿದ್ವು, ಜೊಲ್ಲು ಸುರಿದು ಗದ್ದದ ಕೂದಲೆಲ್ಲ ತೊಯ್ದಿತ್ತು. ಗಬ್ಬಾಗಿದ್ದ ಒಂದು ಹೆಣ್ಣು ತನ್ನ ಎದಿ ಕೂದಲು ತಾನ ಕಿತ್ತು ಮರಿಗೆ ಹಾಸಿಗಿ ಮಾಡಿಟ್ಟಿತ್ತು, ಮರಿ ಹಾಕಿ ಸಂಜಿ ಅನ್ನೂದ್ರೊಳಗ ಅದೂ ಹೋತು, ಕೂದಲು ಬರದ ಮರಿನೂ ಹೋದ್ವು. ಅವ್ವ ಆ ರಾತ್ರಿ ಉಣ್ಲಿಲ್ಲ. ತಿನ್ನಾಕ ಸಾಕೋದು ಬ್ಯಾರೆ ರೀ, ಹಿಂಗ ಬೆಂದು ಸಾಯೋದು ಬ್ಯಾರೆ.

ಮೊಲ 31 ದಿನಕ್ಕ ಈಯತೈತಿ, ತಿಂಗಳಾ ಆದಾಯ ಅಂತ ಲೆಕ್ಕ ತೋರಿಸ್ತಾರ. 31 ದಿನ ಅನ್ನೋದು ಖರೆ. ಆದ್ರ ಬಿಸಿಲಿಗೆ ಗಂಡಿನ ಬೀಜ ಕೆಟ್ರ ತಿಂಗಳುಗಟ್ಟಲೆ ಗಬ್ಬ ನಿಲ್ಲಂಗಿಲ್ಲ, ಅದನ್ನ ಯಾರೂ ಹೇಳಂಗಿಲ್ಲ. ಹಂಗೂ ಉಳಿದ ಮರಿ ಬೆಳೆಸಿ ಫೋನ್ ಹಚ್ಚಿದ್ರ ಮೊದ್ಲು ತೂಕ ಕಡಿಮಿ ಅಂದ್ರು, ಆಮ್ಯಾಲೆ ಸ್ವಿಚ್ ಆಫ್. ಊರಾಗಿನ ಚಿಕನ್ ಅಂಗಡಿಯೋರು ಮೊಲ ಯಾರು ಕೇಳ್ತಾರ ಅಂತ ಮುಟ್ಲಿಲ್ಲ.

ಜೋಡಿಗೆ ಗಿರಿರಾಜ ಅಂತ ಫ್ರೀ ಕೋಳಿಮರಿ ಕೊಟ್ಟಿದ್ರು. ಎಲ್ಲಾ ಒಂದ ಥರ ಹಳದಿ. ಗಿರಿರಾಜ ಬಣ್ಣಬಣ್ಣದ ತಳಿ, ಬೆಂಗಳೂರಾಗ ತಯಾರಾಗಿದ್ದು, ತೂಕನೂ ಚಲೋ ಬರ್ತೈತಿ. ಇವು ಮೊಟ್ಟಿ ಕೋಳಿ ಹ್ಯಾಚರಿಯೋರು ಬ್ಯಾಡಂತ ತಗದ ಗಂಡು ಮರಿ, ಎಷ್ಟು ಮೇವು ಹಾಕಿದ್ರೂ ಕಡ್ಡಿ ಕಡ್ಡಿ. ಲಸಿಕಿ ಹಾಕಿರಲಿಲ್ಲ, ಕೊಕ್ಕರೆ ರೋಗ ಬಂದು ಹಸಿರು ಕಕ್ಕ ಹಾಕಿ ಕುತ್ತಿಗಿ ತಿರುವಿ ಬಿದ್ವು, ಅದು ಓಣಿಯಾಗಿನ ನಾಟಿ ಕೋಳಿಗೂ ಹತ್ತಿತು. ಪಕ್ಕದ ಮನಿ ಅಜ್ಜಿ ಅವನ್ನ ನಂಬ್ಕೊಂಡು ಇದ್ಲು, ಅದು ಇವತ್ತಿಗೂ ಮನಸ್ಸಿಗೆ ಚುಚ್ಚತೈತಿ. ಮರಿ ತಗೊಳ್ಳೋರು ಈ ರೋಗಕ್ಕ ಮೊದಲ ವಾರ ಹಾಕೋ ಲಸೋಟಾ ಅನ್ನೋ ಲಸಿಕಿ ಹನಿ ಹಾಕ್ಯಾರೇನು ಕೇಳ್ರಿ, 8 ವಾರಕ್ಕ ಅದೇ ರೋಗದ ಆರ್2ಬಿ ಲಸಿಕಿ ಹಾಕಸ್ರಿ. ಲಸಿಕಿ ಬಾಟ್ಲಿ ದೊಡ್ಡದು, ಓಣಿಯೋರೆಲ್ಲ ಕೂಡಿ ಒಂದ ದಿನ ಹಾಕಿಸಿದ್ರ ಆತು.

ಈಗಾಗ್ಲೇ ಮೊಲ ತಗೊಂಡಿದ್ರ ತಗಡಿನ ಮ್ಯಾಲೆ ನೆಲ್ಲು ಹುಲ್ಲು ದಪ್ಪಗ ಹೊದಸಿ ನೀರು ಹೊಡೀರಿ, ನೀರಿನ ಬಾಟಲಿ ಫ್ರೀಜರ್‌ನಾಗ ಗಟ್ಟಿ ಮಾಡಿ ಪಂಜರದಾಗ ಇಡ್ರಿ, ಒದ್ದಿ ಬಟ್ಟಿಲೆ ಕಿವಿ ಒರಸ್ರಿ, ಮೈಮ್ಯಾಲೆ ಐಸ್ ನೀರು ಸುರೀಬ್ಯಾಡ್ರಿ. ಸೀರಿಯಸ್ ಆದ್ರ 1962ಕ್ಕ ಹಚ್ರಿ, ಪಶು ಆಂಬ್ಯುಲೆನ್ಸ್. ದುಡ್ಡು ಕೊಟ್ಟು ಮೋಸ ಆಗಿದ್ರ ಅಗ್ರಿಮೆಂಟ್, ಫೋನ್‌ಪೇ ರಸೀದಿ ಎಲ್ಲಾ ತಗದಿಟ್ಟು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡ್ರಿ, ಠಾಣೆಗೂ ಹೋಗ್ರಿ.