ಕ್ವಾರ್ಟರ್‌ಬ್ಯಾಕ್ ಬದಲಾದರೆ ಯಾವ ಟೈಟ್ ಎಂಡ್? ನಾನು ಆಡಿಸಿ ನೋಡಿದ ಮೂವರು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡೇವಿಡ್ ಎನ್‌ಜೋಕುಗೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 2023ರ ಸೀಸನ್‌ನಲ್ಲಿ ನಡುವೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಬದಲಾದ ಮೂರು ತಂಡಗಳ ಟೈಟ್ ಎಂಡ್‌ಗಳು (ಎದುರಾಳಿಯನ್ನು ತಡೆಯುತ್ತ, ಎಸೆದ ಚೆಂಡನ್ನೂ ಹಿಡಿಯುವವರು) ಒಬ್ಬರಾದ ಮೇಲೊಬ್ಬರು ನನ್ನ ಫ್ಯಾಂಟಸಿ ತಂಡಕ್ಕೆ ಬಂದರು. ಮಿನೆಸೋಟ ವೈಕಿಂಗ್ಸ್‌ನ ಟಿ.ಜೆ. ಹಾಕಿನ್ಸನ್, ಅರಿಜೋನ ಕಾರ್ಡಿನಲ್ಸ್‌ನ ಟ್ರೇ ಮೆಕ್‌ಬ್ರೈಡ್, ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನ ಎನ್‌ಜೋಕು. ಮೂವರಲ್ಲಿ ಅಗ್ಗಕ್ಕೆ ಸಿಕ್ಕವನು ಎನ್‌ಜೋಕು, ಕೊನೆಗೆ ಕೈಹಿಡಿದವನೂ ಅವನೇ. ಆದರೆ ಅವನನ್ನು ಆಡಿಸಲೇಬೇಕಿದ್ದ ಒಂದು ಭಾನುವಾರ ಬೆಂಚಿನಲ್ಲಿ ಕೂರಿಸಿಬಿಟ್ಟೆ. ಆ ಹೊಟ್ಟೆಯುರಿ ಇನ್ನೂ ಆರಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಹತ್ತು ಜನರ ಲೀಗ್. ನಾನಿರುವುದು ಮಿನಿಯಾಪೊಲಿಸ್ ಪಕ್ಕ, ಅಕ್ಕ-ಭಾವ ಓಹಾಯೋದಲ್ಲಿ, ಉಳಿದವರು ಭಾವನ ಜೊತೆ ಹಾಸನದಲ್ಲಿ ಇಂಜಿನಿಯರಿಂಗ್ ಓದಿ ಅಮೆರಿಕದ ನಾಲ್ಕು ಮೂಲೆಗೆ ಚದುರಿದವರು. ಕ್ಯಾಚಿಗೆ 1 ಪಾಯಿಂಟ್, ಚೆಂಡು ಹಿಡಿದು ಮುಂದೆ ಸಾಗಿದ 10 ಯಾರ್ಡಿಗೆ 1, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಗಡಿ ದಾಟಿಸಿದ್ದಕ್ಕೆ) 6. ಯಾರ ತಂಡದಲ್ಲೂ ಇಲ್ಲದ ಆಟಗಾರರನ್ನು ವೇವರ್‌ನಲ್ಲಿ (ಹರಾಜು ಕೂಗಿ) ಕೊಳ್ಳಲು ಸೀಸನ್‌ಗೆ 100 ಡಾಲರ್ ಲೆಕ್ಕದ ಹಣ, ಖರ್ಚಾದರೆ ಆಯಿತು, ಮತ್ತೆ ಸಿಗುವುದಿಲ್ಲ. ಐಪಿಎಲ್ ಫ್ಯಾಂಟಸಿ ಮಾತ್ರ ಆಡಿದವರಿಗೆ ಒಂದು ಮಾತು: ಬ್ಯಾಟ್ಸ್‌ಮನ್ ತನ್ನ ರನ್ ತಾನೇ ಹೊಡೆದುಕೊಳ್ಳುತ್ತಾನೆ. ಟೈಟ್ ಎಂಡ್‌ಗೆ ಆ ಭಾಗ್ಯವಿಲ್ಲ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದರೆ ಉಂಟು, ಇಲ್ಲದಿದ್ದರೆ ದಿನವಿಡೀ ಎದುರಾಳಿಯನ್ನು ತಡೆಯುತ್ತ ನಿಂತರೂ ಸೊನ್ನೆ.

ಹಾಕಿನ್ಸನ್‌ನನ್ನು, ಸೀಸನ್‌ಗೆ ಮುಂಚೆ ಸರದಿಯಂತೆ ಆಟಗಾರರನ್ನು ಆರಿಸುವ ಡ್ರಾಫ್ಟಿನ ನಾಲ್ಕನೇ ಸುತ್ತಿನಲ್ಲೇ ತೆಗೆದುಕೊಂಡಿದ್ದೆ. ನಮ್ಮೂರಿನ ತಂಡ, ಕರ್ಕ್ ಕಸಿನ್ಸ್‌ನಂಥ ನಿಂತಲ್ಲೇ ನಿಂತು ಎಸೆಯುವ ಕ್ವಾರ್ಟರ್‌ಬ್ಯಾಕ್, ಚಿಂತೆಯೇ ಇರಲಿಲ್ಲ. ಅಕ್ಟೋಬರ್ 29ರಂದು ಗ್ರೀನ್ ಬೇಯಲ್ಲಿ ಕಸಿನ್ಸ್‌ನ ಹಿಮ್ಮಡಿಯ ನರ ಹರಿಯಿತು, ಸೀಸನ್ ಮುಗಿಯಿತು. ಎರಡೇ ದಿನಕ್ಕೆ ವೈಕಿಂಗ್ಸ್ ಅರಿಜೋನದಿಂದ ಜಾಶುವಾ ಡಾಬ್ಸ್‌ನನ್ನು ಕರೆತಂದಿತು. ಏರೋಸ್ಪೇಸ್ ಇಂಜಿನಿಯರಿಂಗ್ ಓದಿದ ಹುಡುಗ. ಬಂದ ವಾರವೇ, ಜೊತೆಗಾರರ ಹೆಸರೂ ಸರಿಯಾಗಿ ಗೊತ್ತಿಲ್ಲದೆ, ಅಟ್ಲಾಂಟದಲ್ಲಿ ಮೈದಾನಕ್ಕಿಳಿದು 31-28ರಲ್ಲಿ ಗೆಲ್ಲಿಸಿಬಿಟ್ಟ. ಮುಂದಿನ ವಾರ ಸೇಂಟ್ಸ್ ಮೇಲೆ ಹಾಕಿನ್ಸನ್‌ಗೆ 11 ಕ್ಯಾಚ್, 134 ಯಾರ್ಡ್, ಒಂದು ಟಚ್‌ಡೌನ್. 30.4 ಪಾಯಿಂಟ್! ಕಸಿನ್ಸ್ ಹೋದದ್ದೇ ಒಳ್ಳೆಯದಾಯಿತೇನೋ ಎಂಬ ಯೋಚನೆ ಒಂದು ಗಳಿಗೆ ನನಗೂ ಬಂದಿತ್ತು.

ನಾನು ಎಡವಿದ್ದು ಇಲ್ಲೇ. ಹೊಸ ಕ್ವಾರ್ಟರ್‌ಬ್ಯಾಕ್ ಬಂದ ಮೊದಲ ಎರಡು ಮೂರು ವಾರ ಟೈಟ್ ಎಂಡ್‌ಗೆ ಸುಗ್ಗಿ ಇರುವುದು ಸಹಜ. ಹೊಸಬನಿಗೆ ಆಟದ ಪುಸ್ತಕ ಪೂರ್ತಿ ಬಾಯಿಗೆ ಬಂದಿರುವುದಿಲ್ಲ. ಎದುರಾಳಿ ಮೈಮೇಲೆ ಬರುವಾಗ ಹತ್ತಿರದಲ್ಲಿ, ನಡುಮೈದಾನದಲ್ಲಿ, ಎತ್ತರಕ್ಕೆ ದಪ್ಪಕ್ಕೆ ಕಾಣುವವನ ಕಡೆ ಎಸೆದು ಬಚಾವಾಗುತ್ತಾನೆ. ಹಾಗೆ ಎಸೆದ ಚೆಂಡೂ ಪಾಯಿಂಟೇ. ಆದರೆ ಎದುರು ತಂಡದವರಿಗೂ ಕಣ್ಣಿದೆಯಲ್ಲ, ಮೂರ್ನಾಲ್ಕು ಪಂದ್ಯದ ವಿಡಿಯೊ ಕೈಗೆ ಸಿಕ್ಕ ಮೇಲೆ ಆ ದಾರಿ ಮುಚ್ಚುತ್ತಾರೆ. ಬೇರ್ಸ್ ಜೊತೆಗಿನ ಸೋಮವಾರ ರಾತ್ರಿಯ ಪಂದ್ಯದಲ್ಲಿ ಡಾಬ್ಸ್ 4 ಸಲ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟ, ತಂಡ 12-10ರಲ್ಲಿ ಸೋತಿತು. ಅಂದೂ ಹಾಕಿನ್ಸನ್‌ಗೆ ಒಂದು ಟಚ್‌ಡೌನ್ ಬಂತು. ನಾನು ನೋಡಿದ್ದು ಆ ಟಚ್‌ಡೌನನ್ನು, ಆ ನಾಲ್ಕನ್ನಲ್ಲ.

ಮೆಕ್‌ಬ್ರೈಡ್ ವಿಷಯ ಚಿಕ್ಕದು. ಅರಿಜೋನದ ಮೊದಲ ಟೈಟ್ ಎಂಡ್ ಜ್ಯಾಕ್ ಅರ್ಟ್ಜ್ ಗಾಯಗೊಂಡಾಗ 22 ಡಾಲರ್ ಕೊಟ್ಟು ತಂದೆ. ಅದೇ ಡಾಬ್ಸ್ ಇನ್ನೂ ಅರಿಜೋನದಲ್ಲಿದ್ದ ಕೊನೆಯ ಪಂದ್ಯದಲ್ಲಿ ರೇವನ್ಸ್ ಮೇಲೆ 10 ಕ್ಯಾಚ್, 95 ಯಾರ್ಡ್, ಟಚ್‌ಡೌನ್. ಖುಷಿಯಿಂದ ಮರುವಾರ, ಟೈಟ್ ಎಂಡ್‌ನನ್ನೂ ಆಡಿಸಬಹುದಾದ ಫ್ಲೆಕ್ಸ್ ಜಾಗದಲ್ಲಿ ಹಾಕಿದೆ. ಡಾಬ್ಸ್ ಮಿನೆಸೋಟಕ್ಕೆ ಬಂದಾಗಿತ್ತು, ಎಸೆಯಲು ನಿಂತವನು ಕ್ಲೇಟನ್ ಟ್ಯೂನ್ ಎಂಬ ಹೊಸ ಹುಡುಗ. ಬ್ರೌನ್ಸ್ ಎದುರು 27-0 ಸೋಲು, ಇಡೀ ತಂಡ ಇಡೀ ಪಂದ್ಯದಲ್ಲಿ ಮುಂದಕ್ಕೆ ಹೋದದ್ದು 58 ಯಾರ್ಡ್. ಸಿಟ್ಟಿನಲ್ಲಿ ಮಂಗಳವಾರವೇ ಮೆಕ್‌ಬ್ರೈಡ್‌ನನ್ನು ಬಿಟ್ಟೆ. ಅದೇ ಭಾನುವಾರ ಅರಿಜೋನದ ಮೊದಲ ಕ್ವಾರ್ಟರ್‌ಬ್ಯಾಕ್ ಕೈಲರ್ ಮರ್ರೆ ಮೊಣಕಾಲಿನ ಆಪರೇಶನ್ ಮುಗಿಸಿ ಮರಳಿದ, ಮೆಕ್‌ಬ್ರೈಡ್‌ಗೆ 8 ಕ್ಯಾಚ್, 131 ಯಾರ್ಡ್. ಮರ್ರೆ ಬರುತ್ತಾನೆಂದು ಊರಿಗೆಲ್ಲ ಗೊತ್ತಿತ್ತು. ಒಂದು ಕೆಟ್ಟ ಪಂದ್ಯ ಟೈಟ್ ಎಂಡ್‌ನದೋ ಎಸೆದವನದೋ ಎಂದು ಕೇಳಿಕೊಂಡಿದ್ದರೆ 22 ಡಾಲರ್ ಉಳಿಯುತ್ತಿತ್ತು.

ಇನ್ನು ಎನ್‌ಜೋಕು. ಸೆಪ್ಟೆಂಬರ್ ಕೊನೆಯಲ್ಲಿ ಮನೆಯಲ್ಲಿ ಬೆಂಕಿ ಹೊತ್ತಿಸುವಾಗ ಮುಖ ಸುಟ್ಟುಕೊಂಡು, ಆ ವಾರವೂ ಬಿಡದೆ ಆಡಿದ ಮನುಷ್ಯ. ಆದರೆ ಆ ವರ್ಷ ಬ್ರೌನ್ಸ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ನಿಲ್ಲುತ್ತಲೇ ಇರಲಿಲ್ಲ. ಡಿಶಾನ್ ವಾಟ್ಸನ್ ಭುಜಕ್ಕೆ ಪೆಟ್ಟು, ಡೋರಿಯನ್ ಥಾಂಪ್ಸನ್-ರಾಬಿನ್ಸನ್ ತಲೆಗೆ ಪೆಟ್ಟು, ನಡುವೆ ಪಿ.ಜೆ. ವಾಕರ್. ನಮ್ಮ ಲೀಗಿನಲ್ಲಿ ಅವನನ್ನು ಇಟ್ಟುಕೊಂಡಿದ್ದವರು ಬೇಸತ್ತು ನವೆಂಬರ್ ಕೊನೆಗೆ ಬಿಟ್ಟರು. ವೈಕಿಂಗ್ಸ್‌ಗೆ 13ನೇ ವಾರ ರಜೆ, ನನಗೆ ಒಂದು ವಾರದ ಮಟ್ಟಿಗೆ ಯಾರಾದರೂ ಬೇಕಿತ್ತು. ಕೈಯಲ್ಲಿದ್ದದ್ದು 9 ಡಾಲರ್. 4 ಡಾಲರಿಗೆ ಎನ್‌ಜೋಕು ಸಿಕ್ಕ.

ಅಷ್ಟರಲ್ಲಿ, ತಂಡವಿಲ್ಲದೆ ಮನೆಯಲ್ಲಿ ಕೂತಿದ್ದ 38 ವರ್ಷದ ಕ್ವಾರ್ಟರ್‌ಬ್ಯಾಕ್ ಜೋ ಫ್ಲ್ಯಾಕೊನನ್ನು ಬ್ರೌನ್ಸ್ ಕರೆದಿತ್ತು. ಭಾವ ಬ್ರೌನ್ಸ್ ಅಭಿಮಾನಿ, ಕೂಡಲೇ ಫೋನ್ ಮಾಡಿದರು. "ನೋಡಮ್ಮ, ಇವನು ಓಡೋ ಗಿರಾಕಿ ಅಲ್ಲ. ನಿಂತಲ್ಲೇ ನಿಂತು ಎಸೀತಾನೆ. ಬಾಲ್ಟಿಮೋರಲ್ಲಿದ್ದಾಗಲೂ ಟೈಟ್ ಎಂಡ್‌ಗೆ ಕೊಡ್ತಿದ್ದ. ಎನ್‌ಜೋಕುನ ಮಾತ್ರ ಬಿಡಬೇಡ." ನನಗೂ ನೆನಪಿತ್ತು, 2016ರಲ್ಲಿ ಬಾಲ್ಟಿಮೋರ್ ರೇವನ್ಸ್‌ನ ಟೈಟ್ ಎಂಡ್ ಡೆನಿಸ್ ಪಿಟಾಗೆ 86 ಕ್ಯಾಚ್ ಬಂದದ್ದು ಇದೇ ಫ್ಲ್ಯಾಕೊ ಕೈಯಿಂದ. ಆದರೆ ಡಿಸೆಂಬರ್ 3ರ ಮೊದಲ ಪಂದ್ಯದಲ್ಲಿ ಫ್ಲ್ಯಾಕೊ ಎಸೆದ ಎರಡು ಟಚ್‌ಡೌನ್‌ಗಳಲ್ಲಿ ಒಂದೂ ಎನ್‌ಜೋಕುಗೆ ಬರಲಿಲ್ಲ. ಒಂದು ಜೆರೋಮ್ ಫೋರ್ಡ್‌ಗೆ, ಇನ್ನೊಂದು ಬೇರೆ ಟೈಟ್ ಎಂಡ್‌ಗೆ. "ಭಾವ, ನಿಮ್ಮ ಫ್ಲ್ಯಾಕೊ ಬೇರೆಯವನಿಗೆ ಕೊಟ್ಟನಲ್ಲ" ಎಂದು ಮೆಸೇಜ್ ಹಾಕಿದೆ. ಅವರು, "ಒಂದು ವಾರ ತಾಳ್ಕೋ" ಎಂದರು.

ನಾನು ತಾಳಲಿಲ್ಲ. ಡಿಸೆಂಬರ್ 10, ನಮ್ಮ ಲೀಗಿನ ಮಾಮೂಲು ಸುತ್ತಿನ ಕೊನೆಯ ವಾರ. ಶನಿವಾರ ರಾತ್ರಿಯೇ ಲೈನಪ್ ಹಾಕಿ ಮಲಗುವುದು ನನ್ನ ಅಭ್ಯಾಸ, ಭಾನುವಾರ ಬೆಳಿಗ್ಗೆ ಮಕ್ಕಳನ್ನು ಕನ್ನಡ ಕ್ಲಾಸಿಗೆ ಕರೆದೊಯ್ಯಬೇಕು. ಹಾಕಿನ್ಸನ್ ಹೆಸರು ದೊಡ್ಡದು, ನಾಲ್ಕನೇ ಸುತ್ತಿನವನು, ಅವನನ್ನು ಬೆಂಚಿನಲ್ಲಿಡಲು ಮನಸ್ಸು ಬರಲಿಲ್ಲ. ಬ್ರೌನ್ಸ್ ಪಂದ್ಯ ನಮ್ಮ ಹೊತ್ತಿಗೆ ಮಧ್ಯಾಹ್ನ 12ಕ್ಕೆ, ವೈಕಿಂಗ್ಸ್‌ದು ಲಾಸ್ ವೇಗಸ್‌ನಲ್ಲಿ, ಇಲ್ಲಿ 3 ಗಂಟೆಗೆ. ಪಂದ್ಯ ಶುರುವಾದ ಕೂಡಲೇ ಆಟಗಾರನ ಹೆಸರಿನ ಮುಂದೆ ಬೀಗದ ಚಿತ್ರ ಬಂದುಬಿಡುತ್ತದೆ, ಆಮೇಲೆ ಅವನನ್ನು ಮೇಲಕ್ಕೆತ್ತಲು ಆಗುವುದಿಲ್ಲ.

ಕ್ಲಾಸ್ ಮುಗಿಸಿ ಬಂದು ಕುಕ್ಕರ್ ಇಟ್ಟಿದ್ದೆ. ಫೋನ್ ಸದ್ದಾಯಿತು, ಎನ್‌ಜೋಕು ಟಚ್‌ಡೌನ್. ಆ್ಯಪ್ ತೆರೆದೆ. ಬೆಂಚಿನ ಸಾಲಿನಲ್ಲಿ, ಮಂಕು ಬಣ್ಣದಲ್ಲಿ, ಬೀಗದ ಪಕ್ಕ ಅವನ ಹೆಸರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸದ್ದು, ಇನ್ನೊಂದು ಟಚ್‌ಡೌನ್. ಪಂದ್ಯ ಮುಗಿಯುವಾಗ 6 ಕ್ಯಾಚ್, 91 ಯಾರ್ಡ್, 2 ಟಚ್‌ಡೌನ್, 27.1 ಪಾಯಿಂಟ್, ಅಷ್ಟೂ ಬೆಂಚಿನಲ್ಲಿ. ಪರವಾಗಿಲ್ಲ, ಹಾಕಿನ್ಸನ್ ಬಾಕಿ ಇದ್ದಾನಲ್ಲ ಎಂದು 3 ಗಂಟೆಗೆ ಟಿವಿ ಮುಂದೆ ಕೂತೆ. ವೈಕಿಂಗ್ಸ್, ರೇಡರ್ಸ್ ಇಬ್ಬರೂ ಸೇರಿ ನಾಲ್ಕನೇ ಕ್ವಾರ್ಟರ್‌ವರೆಗೆ ಒಂದು ಅಂಕವನ್ನೂ ಗಳಿಸಲಿಲ್ಲ. ಚಾವಣಿ ಇರುವ ಸ್ಟೇಡಿಯಂ, ಮಳೆಯಿಲ್ಲ, ಗಾಳಿಯಿಲ್ಲ, ಹೇಳಿಕೊಳ್ಳಲು ಕಾರಣವೇ ಇಲ್ಲ. ಡಾಬ್ಸ್‌ನನ್ನು ಹೊರಗೆ ಕೂರಿಸಿ ನಿಕ್ ಮಲೆನ್ಸ್‌ನನ್ನು ಇಳಿಸಿದರು. ಕೊನೆಯ ಎರಡು ನಿಮಿಷದಲ್ಲಿ ಒಂದು ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು 3 ಅಂಕ), 3-0. 2007ರ ನಂತರ ಎನ್‌ಎಫ್‌ಎಲ್‌ನಲ್ಲಿ ಅಂಥ ಸ್ಕೋರ್ ಬಂದಿರಲಿಲ್ಲ. ನನ್ನ ಊರಿನ ತಂಡ ಗೆದ್ದಿತ್ತು, ನಾನು 9 ಪಾಯಿಂಟಿನಲ್ಲಿ ಸೋತಿದ್ದೆ.

ಒಟ್ಟು ಪಾಯಿಂಟ್ ಲೆಕ್ಕದಲ್ಲಿ ಆರನೆಯವಳಾಗಿ ಹೇಗೋ ಪ್ಲೇಆಫ್‌ಗೆ ನುಸುಳಿದೆ. ಅಲ್ಲಿಂದ ಎನ್‌ಜೋಕುನನ್ನು ತೆಗೆಯಲಿಲ್ಲ. ಬೇರ್ಸ್ ಮೇಲೆ 10 ಕ್ಯಾಚ್, 104 ಯಾರ್ಡ್, ಟಚ್‌ಡೌನ್. ಟೆಕ್ಸನ್ಸ್ ಮೇಲೆ ಜೊತೆ ಆಟಗಾರ ಅಮಾರಿ ಕೂಪರ್ ಒಬ್ಬನೇ 265 ಯಾರ್ಡ್ ಬಾಚಿಕೊಂಡ ದಿನವೂ ಇವನಿಗೊಂದು ಟಚ್‌ಡೌನ್ ಉಳಿದಿತ್ತು. ಜೆಟ್ಸ್ ಮೇಲೆ 6 ಕ್ಯಾಚಿಗೆ 134 ಯಾರ್ಡ್. ಫೈನಲ್ ಸೋತೆ, ಆದರೆ ಟೈಟ್ ಎಂಡ್ ಜಾಗದಿಂದಲ್ಲ.

ಡಾಬ್ಸ್ ಬಂದಾಗಲೂ ಟೈಟ್ ಎಂಡ್‌ಗೆ ಚೆಂಡು ಬಂತು, ಫ್ಲ್ಯಾಕೊ ಬಂದಾಗಲೂ ಬಂತು. ಮತ್ತೇನು ವ್ಯತ್ಯಾಸ? ಡಾಬ್ಸ್ ಒತ್ತಡ ಬಂದಾಗ ಕಾಲಿಗೆ ಬುದ್ಧಿ ಹೇಳುವವನು. ಅವನು ಓಡಲು ಶುರುಮಾಡಿದ ಕ್ಷಣಕ್ಕೆ ಹಾಕಿನ್ಸನ್‌ಗೆ ಬರಬೇಕಿದ್ದ ಚೆಂಡು ಹೋಯಿತು. ಫ್ಲ್ಯಾಕೊ ಓಡುವುದೇ ಇಲ್ಲ. ಬ್ರೌನ್ಸ್‌ನ ಆಗಿನ ಕೋಚ್ ಕೆವಿನ್ ಸ್ಟೆಫಾನ್‌ಸ್ಕಿ ಚೆಂಡನ್ನು ಓಡುವವನ ಕೈಗೆ ಕೊಟ್ಟಂತೆ ಮಾಡಿ ಎಸೆಯುವ ಆಟಗಳನ್ನು ಹೆಚ್ಚಾಗಿ ಆಡಿಸುತ್ತಿದ್ದರು. ಎದುರಾಳಿಯ ನಡುವಿನ ರಕ್ಷಕರು, ಅಂದರೆ ಲೈನ್‌ಬ್ಯಾಕರ್‌ಗಳು, ನಂಬಿ ಎರಡು ಹೆಜ್ಜೆ ಮುಂದೆ ಬರುತ್ತಿದ್ದರು, ಅವರ ಬೆನ್ನ ಹಿಂದೆ ಖಾಲಿಯಾದ ಜಾಗಕ್ಕೆ ಎನ್‌ಜೋಕು ನುಗ್ಗುತ್ತಿದ್ದ. ಆ ಜಾಗಕ್ಕೆ ಹೆದರದೆ ಎಸೆಯುವ ಕೈ ಅಲ್ಲಿಯವರೆಗೆ ಇರಲಿಲ್ಲ, ಫ್ಲ್ಯಾಕೊ ಬಂದ ಮೇಲೆ ಸಿಕ್ಕಿತು. ಡಿಸೆಂಬರ್ 10ರ ಜಾಗ್ವಾರ್ಸ್ ಪಂದ್ಯದಿಂದ ಜೆಟ್ಸ್‌ವರೆಗೆ ನಾಲ್ಕು ಪಂದ್ಯದಲ್ಲಿ ಸತತವಾಗಿ 300 ಯಾರ್ಡ್ ದಾಟಿಸಿದ. ಎನ್‌ಜೋಕುನ ಆ ವರ್ಷದ 6 ಟಚ್‌ಡೌನ್‌ಗಳಲ್ಲಿ 4 ಡಿಸೆಂಬರ್‌ನವೇ.

ಬದಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಟೈಟ್ ಎಂಡ್‌ಗೆ ಲಾಭ ಎಂದು ಕಣ್ಣುಮುಚ್ಚಿ ನಂಬಲೂ ಆಗುವುದಿಲ್ಲ. 2021ರಲ್ಲಿ ರೇವನ್ಸ್‌ನ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಬದಲು ಟೈಲರ್ ಹಂಟ್ಲಿ ಬಂದಾಗ ಟೈಟ್ ಎಂಡ್ ಮಾರ್ಕ್ ಆಂಡ್ರೂಸ್ ಪ್ಯಾಕರ್ಸ್ ಮೇಲೆ 10 ಕ್ಯಾಚ್, 136 ಯಾರ್ಡ್, 2 ಟಚ್‌ಡೌನ್ ತಂದಿದ್ದ. ಮರುವರ್ಷ ಅದೇ ಹಂಟ್ಲಿ ಅದೇ ಆಂಡ್ರೂಸ್‌ಗೆ ಎಸೆದ, ಆ ಸುಗ್ಗಿ ಮತ್ತೆ ಬರಲಿಲ್ಲ.

ನಿಮ್ಮದು ಆಟಗಾರರನ್ನು ಮುಂದಿನ ವರ್ಷಕ್ಕೂ ಉಳಿಸಿಕೊಳ್ಳುವ ಲೀಗ್ ಆಗಿದ್ದರೆ ನನ್ನ ಮಾತು ಬಿಡಿ, ಮೆಕ್‌ಬ್ರೈಡ್‌ನನ್ನೇ ಹಿಡಿಯಿರಿ. 2024ರಲ್ಲಿ ಅವನಿಗೆ 111 ಕ್ಯಾಚ್, 1,146 ಯಾರ್ಡ್ ಬಂತು. ಫ್ಲ್ಯಾಕೊ ಆ ವರ್ಷ ಇಂಡಿಯಾನಾಪೊಲಿಸ್‌ಗೆ ಹೋಗಿಬಿಟ್ಟಿದ್ದ, ಎನ್‌ಜೋಕುನ ಆ ಡಿಸೆಂಬರ್ ಮರಳಲಿಲ್ಲ. ಹಾಕಿನ್ಸನ್ 2023ರ ಕ್ರಿಸ್‌ಮಸ್ ಹಿಂದಿನ ದಿನವೇ ಲಯನ್ಸ್ ಜೊತೆ ಆಡುವಾಗ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದ, ಪಾಪ. ಅವನ ಆಟದಲ್ಲಿ ನನಗೆ ಯಾವ ತಕರಾರೂ ಇಲ್ಲ. ಆ ಸೀಸನ್‌ನಲ್ಲಿ 95 ಕ್ಯಾಚ್ ಹಿಡಿದವನು ಅವನು, ಅದೂ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳು ಆಡಿದ ತಂಡದಲ್ಲಿ.

ನನ್ನಂತೆ ಡಿಸೆಂಬರ್‌ಗೆ 9 ಡಾಲರ್ ಉಳಿಸಿಕೊಂಡು, ಭಾನುವಾರ ಬೆಳಿಗ್ಗೆ ಫೋನ್ ನೋಡಲು ಪುರುಸೊತ್ತಿಲ್ಲದವರಾದರೆ, ನಿಂತು ಎಸೆಯುವ ಹಳೆಯ ಕೈ ಬಂದ ತಂಡದ ಟೈಟ್ ಎಂಡ್‌ನನ್ನೇ ತನ್ನಿ, ತಂದ ಮೇಲೆ ಮೊದಲ ವಾರ ಸಪ್ಪೆಯಾದರೂ ಆಡಿಸಿ. ಈಗ ಯಾವ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಬದಲಾದರೂ ಮಂಗಳವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಅವನ ಹಳೆಯ ಪಂದ್ಯ ಹಾಕಿಕೊಂಡು ಕೂರುತ್ತೇನೆ. ಒತ್ತಡ ಬಂದಾಗ ಅವನ ಕಾಲು ಮೊದಲು ಆಡುತ್ತದೋ ಕೈಯೋ, ಅದಷ್ಟೇ ನೋಡುವುದು. ಆಮೇಲೆ ಭಾವನಿಗೆ ಫೋನ್.