ವೂಕಾಮರ್ಸ್: ಹಲವು ಉದ್ಯಮಗಳಿಗೆ ಸರಕು ಕೊಡುವ ವಿತರಕರ ಸೈಟಿಗೆ ಎಷ್ಟು ಒಗ್ಗುತ್ತದೆ?

ಆಸ್ಪತ್ರೆ, ಆಹಾರ ಸಂಸ್ಕರಣೆ, ಕಟ್ಟಡ ನಿರ್ಮಾಣ, ವಾಹನ ರಿಪೇರಿ, ಇಷ್ಟಕ್ಕೂ ಸರಕು ಕೊಡುವ ಪ್ರಾದೇಶಿಕ ವಿತರಕರ ಸೈಟನ್ನು, ವರ್ಡ್‌ಪ್ರೆಸ್ ಸೈಟಿಗೆ ಆನ್‌ಲೈನ್ ಅಂಗಡಿ ಸೇರಿಸುವ ಪ್ಲಗಿನ್ ಆದ ವೂಕಾಮರ್ಸ್ ಆರಾಮಾಗಿ ಹೊರುತ್ತದೆ. ಆದರೆ ಕೆಟಗರಿ (ಸರಕಿನ ವಿಭಾಗ), ಟ್ಯಾಗ್ (ಸರಕಿಗೆ ಅಂಟಿಸುವ ಗುರುತುಪದ), ಆಟ್ರಿಬ್ಯೂಟ್ (ಸರಕಿನ ಗುಣ) ಮೂರರ ಕೆಲಸವನ್ನು ಮೊದಲೇ ಹಂಚಿರಬೇಕು. ಹೇಗೆ ಜೋಡಿಸಿದರೂ ಅದು ಬೇಡ ಅನ್ನುವುದಿಲ್ಲ. ತಪ್ಪು ಗೊತ್ತಾಗುವುದು ಸರಕು ಸಾವಿರ ದಾಟಿದ ಮೇಲೆ.

ಹೆಚ್ಚಿನವರು ಎಡವುವುದು ಉದ್ಯಮವನ್ನೇ ಮೇಲಿನ ಕೆಟಗರಿ ಮಾಡುವಲ್ಲಿ. ನೈಟ್ರೈಲ್ ಕೈಗವಸು ನಾಲ್ಕು ಕಡೆಗೂ ಹೋಗುವ ಮಾಲು. ಪ್ರತಿ ಉದ್ಯಮದಡಿ ಒಂದೊಂದು ‘ಕೈಗವಸು’ ಉಪಕೆಟಗರಿ ಮಾಡಿದರೆ ಒಂದೇ ಪಟ್ಟಿಯ ನಾಲ್ಕು ಪುಟ ಹುಟ್ಟಿ, ಗೂಗಲ್‌ನಲ್ಲಿ ತಮ್ಮತಮ್ಮಲ್ಲೇ ಪೈಪೋಟಿಗೆ ಬೀಳುತ್ತವೆ. ಕೆಟಗರಿಯಲ್ಲಿ ಸರಕಿನ ಬಗೆ ಮಾತ್ರ ಇರಲಿ, ಎರಡು ಹಂತ ಸಾಕು. ಉದ್ಯಮಕ್ಕೆ ಟ್ಯಾಗ್ ಹಚ್ಚಿ. ಪ್ರತಿ ಉದ್ಯಮಕ್ಕೂ ಆ ಕ್ಷೇತ್ರದವರು ಕೇಳುವ ಮಾನದಂಡ, ಪ್ರಮಾಣಪತ್ರಗಳ ವಿವರ ಇರುವ ಪುಟವೊಂದನ್ನು ಬರೆದು, ಅದರೊಳಗೆ ಪ್ರಾಡಕ್ಟ್ಸ್ ಶಾರ್ಟ್‌ಕೋಡ್‌ಗೆ (ಪುಟದೊಳಗೆ ಸರಕಿನ ಪಟ್ಟಿ ತರುವ ಚಿಕ್ಕ ಸಂಕೇತ) ಟ್ಯಾಗ್ ಕೊಟ್ಟರೆ ಸರಕು ತಾನೇ ಬಂದು ಕೂರುತ್ತದೆ. ಟ್ಯಾಗಿನ ಸರಕೆಲ್ಲ ತಾನೇ ಪಟ್ಟಿಯಾಗುವ ಅದರ ಸ್ವಂತ ಆರ್ಕೈವ್ ಪುಟವನ್ನು ನೋಇಂಡೆಕ್ಸ್ (ಗೂಗಲ್ ಹುಡುಕಾಟದಲ್ಲಿ ಬಾರದಂತೆ) ಮಾಡುವುದು ಮರೆಯಬೇಡಿ, ಇಲ್ಲದಿದ್ದರೆ ಅದೇ ಪೈಪೋಟಿ ಹಿಂಬಾಗಿಲಿನಿಂದ ಬರುತ್ತದೆ.

ಅಳತೆ, ಲೋಹ, ದಪ್ಪ ಇವು ಆಟ್ರಿಬ್ಯೂಟ್. ಇಡೀ ಅಂಗಡಿಗೆ ಅನ್ವಯಿಸುವ ಗ್ಲೋಬಲ್ ಆಟ್ರಿಬ್ಯೂಟನ್ನೇ ಮಾಡಬೇಕು. ಒಂದು ಸರಕಿನೊಳಗೆ ಮಾತ್ರ ಸೇರಿಸಿದ್ದು ಫಿಲ್ಟರಿಗೆ ಸಿಗುವುದಿಲ್ಲ. ಒಬ್ಬರು ‘8 ಮಿಮೀ’, ಇನ್ನೊಬ್ಬರು ‘8 ಎಂಎಂ’ ಎಂದು ತುಂಬಿದರೆ ಫಿಲ್ಟರಿನಲ್ಲಿ ಎರಡೂ ಬೇರೆಬೇರೆಯಾಗಿ ಕಾಣುತ್ತವೆ. ಹಾಗಾಗಿ ಸಿಎಸ್‌ವಿ (ಸರಕಿನ ಪಟ್ಟಿಯ ಕಡತ) ಏರಿಸುವ ಮೊದಲೇ ಶೀಟಿನಲ್ಲಿ ಇವನ್ನೆಲ್ಲ ಒಂದೇ ರೀತಿ ಬರೆಯುವ ಕೆಲಸ ಮುಗಿದಿರಬೇಕು. ಕೆಟಗರಿ ಹೆಸರಿನಲ್ಲಿ ಅಲ್ಪವಿರಾಮ ಬೇಡ: ‘ನಟ್, ಬೋಲ್ಟ್’ ಎಂದು ಬರೆದರೆ ಆ ಕಡತವನ್ನು ಓದುವ ಇಂಪೋರ್ಟರ್ ಎರಡು ಕೆಟಗರಿ ಮಾಡುತ್ತದೆ. ಬೋಲ್ಟಿನಂಥ ಸರಕಿಗೆ ವೇರಿಯೇಶನ್ (ಅಳತೆ, ಲೋಹ ಬದಲಾದಂತೆ ಆಗುವ ರೂಪಗಳು) 30 ದಾಟಿದರೆ, ಲಭ್ಯವಿಲ್ಲದ ಜೋಡಿಗಳನ್ನು ಮೊದಲೇ ಮರೆಮಾಡುವ ಸೌಲಭ್ಯ ತನ್ನಷ್ಟಕ್ಕೆ ನಿಂತುಹೋಗುತ್ತದೆ. ಲೋಹಕ್ಕೊಂದರಂತೆ ಸರಕನ್ನು ಒಡೆಯುವುದೇ ವಾಸಿ.

ಪರ್ಮಾಲಿಂಕಿನಲ್ಲಿ (ಪುಟದ ಕಾಯಂ ವಿಳಾಸ) ಕೆಟಗರಿ ಸೇರಿಸಬೇಡಿ. ಎರಡು ಕೆಟಗರಿಯಲ್ಲಿರುವ ಸರಕಿನ ವಿಳಾಸಕ್ಕೆ ಅವುಗಳಲ್ಲೊಂದು ಮಾತ್ರ ಬರುತ್ತದೆ, ಕೆಟಗರಿ ಬದಲಿಸಿದಾಗ ವಿಳಾಸವೂ ಬದಲಾಗುತ್ತದೆ. ಸರಕಿನ ಸ್ಲಗ್ (ವಿಳಾಸದಲ್ಲಿ ಬರುವ ಅದರ ಹೆಸರು) ಬದಲಾದರೆ ವರ್ಡ್‌ಪ್ರೆಸ್ ಹಳೆಯದರಿಂದ ಹೊಸದಕ್ಕೆ ತಾನೇ ಕಳಿಸುತ್ತದೆ; ಕೆಟಗರಿ ಸ್ಲಗ್‌ಗೆ ಆ ಉಪಕಾರ ಇಲ್ಲ, ಹಳೆಯ ವಿಳಾಸದಿಂದ ಹೊಸದಕ್ಕೆ ಕಳಿಸುವ 301 ರಿಡೈರೆಕ್ಟ್ ಕೈಯಾರೆ ಹಾಕಬೇಕು. ದೊಡ್ಡ ಕೊರತೆ ಎಂದರೆ ಇದೇ. ಫಿಲ್ಟರ್ ಹಚ್ಚಿದಾಗ ಹುಟ್ಟುವ ಪ್ರಶ್ನೆಚಿಹ್ನೆಯ ವಿಳಾಸಗಳೂ ಲೆಕ್ಕವಿಲ್ಲದಷ್ಟಾಗುತ್ತವೆ. ಅವುಗಳ ಕ್ಯಾನೊನಿಕಲ್ (ಅಸಲಿ ಪುಟ ಯಾವುದೆಂದು ಗೂಗಲ್‌ಗೆ ಹೇಳುವ ಗುರುತು) ಮೂಲ ಕೆಟಗರಿಗೇ ತೋರಿಸುತ್ತಿದೆಯೇ ಎಂದು ಪರೀಕ್ಷಿಸಿ.

ದರ ಗ್ರಾಹಕರಿಂದ ಗ್ರಾಹಕರಿಗೆ ಬೇರೆಯಾದರೆ ಬೆಲೆಯ ಜಾಗ ಖಾಲಿ ಬಿಡಿ. ಕಾರ್ಟ್ ಬಟನ್ ಬರುವುದಿಲ್ಲ, ಪುಟ ಮಾತ್ರ ಉಳಿಯುತ್ತದೆ. ವಿಚಾರಣೆ ಫಾರಂ ಬೇರೆಯೇ ಸೇರಿಸಬೇಕು.

ಊರೂರಿಗೂ ಹೆಸರು ಮಾತ್ರ ಬದಲಿಸಿದ ಪುಟ ಮಾಡುವ ಆಸೆಗೆ ಬೀಳಬೇಡಿ. ಗೂಗಲ್ ಅದನ್ನು ಡೋರ್‌ವೇ ಪುಟವೆಂದು ಸ್ಪ್ಯಾಮ್ ಪಟ್ಟಿಯಲ್ಲಿಟ್ಟಿದೆ. ಗೋದಾಮು ಇರುವ ಊರಿಗಷ್ಟೇ ಪುಟ ಮಾಡಿ, ಅಲ್ಲಿಂದ ಯಾವ ದಿನ ಯಾವ ದಾರಿಗೆ ಗಾಡಿ ಹೊರಡುತ್ತದೆ ಎಂಬುದನ್ನು ಅದರಲ್ಲೇ ಬರೆಯಿರಿ.